ಬಿಸಿಲಿನ ಸೀಮೆಗೆ ಯಾವ ಶಟರ್ ರಿಮೋಟ್?

ವಿಜಯಪುರ ಸೀಮೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಚಿತ್ರಗಳ ಬರವಿಲ್ಲ. ನಗರದೊಳಗೆ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ಇವೆ. ಅಥಣಿ ರಸ್ತೆ ಹಿಡಿದರೆ ತಿಕೋಟಾದ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡುಗಳು. ಜಮಖಂಡಿ ರಸ್ತೆ ಹಿಡಿದರೆ ಬಬಲೇಶ್ವರದ ಎರೆ ಹೊಲ. ಅದೇ ತಾಲ್ಲೂಕಿನಲ್ಲಿ ಮಹಮ್ಮದ್ ಆದಿಲ್‌ಶಾಹಿಯ ಕಾಲದಲ್ಲಿ ಕಟ್ಟಿಸಿದ ಮಮದಾಪುರದ ಕೆರೆ. ಇವನ್ನೆಲ್ಲ ಚೆನ್ನಾಗಿ ತೆಗೆಯಬೇಕೆಂದು ಹೊರಟವರು ಒಂದಲ್ಲ ಒಂದು ದಿನ ಶಟರ್ ರಿಮೋಟ್‌ನ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಬೆರಳು ತಾಗಿಸದೆ ಕ್ಯಾಮೆರಾ ಕ್ಲಿಕ್ಕಿಸುವ ಈ ಪುಟ್ಟ ಸಾಧನ ಕೆಲವು ನೂರು ರೂಪಾಯಿಗೂ ಸಿಗುತ್ತದೆ, ಹಲವು ಸಾವಿರಕ್ಕೂ ಸಿಗುತ್ತದೆ. ಡಬ್ಬಿಯ ಮೇಲೆ ಇಷ್ಟು ಮೀಟರ್ ದೂರದಿಂದ ಕೆಲಸ ಮಾಡುತ್ತದೆ ಎಂದು ಬರೆದಿರುತ್ತದೆ. ಬಿಸಿಲಿನಲ್ಲಿ ನಡೆಯುತ್ತದೆಯೇ, ಕ್ಯಾಮೆರಾದ ಹಿಂದೆ ನಿಂತು ಒತ್ತಿದರೆ ನಡೆಯುತ್ತದೆಯೇ, ನಿಮ್ಮ ಮಾದರಿಗೆ ಹೊಂದುತ್ತದೆಯೇ ಎಂಬುದನ್ನು ಬರೆದಿರುವುದಿಲ್ಲ. ತೆಗೆದುಕೊಂಡ ರಿಮೋಟ್ ವಾರದಲ್ಲೇ ಕಪಾಟು ಸೇರುವುದು ಈ ಕಾರಣಕ್ಕೆ. ಬೆಲೆ ಮತ್ತು ಮೀಟರ್ ಲೆಕ್ಕ ಆಮೇಲೆ ನೋಡೋಣ. ಎಲ್ಲಿ ನಿಂತು ಯಾವ ಚಿತ್ರ ತೆಗೆಯುತ್ತೀರಿ ಎಂಬುದು ಮೊದಲು ಇತ್ಯರ್ಥವಾಗಬೇಕು, ಅದರ ಮೇಲೆ ರಿಮೋಟ್ ನಿರ್ಧಾರವಾಗಬೇಕು.

ರಿಮೋಟ್ ನಿಜವಾಗಿ ಮಾಡುವುದೇನು?

ಶಟರ್ ಗುಂಡಿಗೆ ಎರಡು ಹಂತಗಳಿವೆ. ಅರ್ಧ ಒತ್ತಿದರೆ ಕ್ಯಾಮೆರಾ ಎಚ್ಚರಗೊಂಡು ಬೆಳಕು ಅಳೆಯುತ್ತದೆ, ಫೋಕಸ್ ಹಿಡಿಯುತ್ತದೆ. ಪೂರ್ತಿ ಒತ್ತಿದರೆ ಶಟರ್ ತೆರೆಯುತ್ತದೆ. ತಂತಿಯ ರಿಮೋಟ್ ಒಂದನ್ನು ಬಿಚ್ಚಿ ನೋಡಿದರೆ ಒಳಗೆ ಇರುವುದು ಇಷ್ಟೇ: ಮೂರು ಎಳೆಗಳು. ಒಂದು ಸಾಮಾನ್ಯ ಎಳೆ, ಒಂದು ಫೋಕಸ್‌ನದು, ಒಂದು ಶಟರ್‌ನದು. ಸಾಮಾನ್ಯ ಎಳೆಗೆ ಫೋಕಸ್ ಎಳೆ ತಾಗಿದರೆ ಅರ್ಧ ಒತ್ತಿದಂತೆ, ಶಟರ್ ಎಳೆಯೂ ತಾಗಿದರೆ ಪೂರ್ತಿ ಒತ್ತಿದಂತೆ. ರೇಡಿಯೊ ರಿಮೋಟ್‌ನ ರಿಸೀವರ್ ಮಾಡುವುದೂ ಇದನ್ನೇ. ಬೆರಳಿನ ಬದಲು ಗಾಳಿಯಲ್ಲಿ ಬಂದ ಸಂಕೇತ ಆ ಎಳೆಗಳನ್ನು ಜೋಡಿಸುತ್ತದೆ. ಆದ್ದರಿಂದ ರಿಮೋಟ್‌ನಿಂದ ಚಿತ್ರದ ಗುಣಮಟ್ಟ ತಾನಾಗಿ ಏರುವುದಿಲ್ಲ. ಅದರಿಂದ ಸಿಗುವುದು ಮೂರು ಅನುಕೂಲ: ಬೆರಳಿನ ಅದುರು ತಪ್ಪುತ್ತದೆ, ಕ್ಯಾಮೆರಾದಿಂದ ದೂರ ನಿಲ್ಲಬಹುದು, ಶಟರ್ ಎಷ್ಟು ಹೊತ್ತು ಅಥವಾ ಎಷ್ಟು ಸಲ ತೆರೆಯಬೇಕೆಂಬ ಹಿಡಿತ ಕೈಗೆ ಬರುತ್ತದೆ.

ಈ ಮೂರಕ್ಕೂ ಕ್ಯಾಮೆರಾ ಅಲುಗಾಡದೆ ನಿಂತಿರಬೇಕು. ಕ್ಯಾಮೆರಾ ಕೈಯಲ್ಲೇ ಇದ್ದರೆ ರಿಮೋಟ್‌ಗೆ ಕೆಲಸವೇ ಇಲ್ಲ. ಗಟ್ಟಿ ಟ್ರೈಪಾಡ್ ಇಲ್ಲದವರು ರಿಮೋಟ್‌ಗೆಂದು ಎತ್ತಿಟ್ಟ ಹಣವನ್ನು ಮೊದಲು ಟ್ರೈಪಾಡ್‌ಗೆ ಹಾಕುವುದು ಒಳ್ಳೆಯದು.

ಡಿಎಸ್‌ಎಲ್‌ಆರ್ ಇರುವವರು ಇನ್ನೊಂದು ಮಾತು ಗಮನಿಸಬೇಕು. ಒಳಗಿನ ಕನ್ನಡಿ ಮೇಲೇಳುವ ಹೊಡೆತಕ್ಕೂ ಕ್ಯಾಮೆರಾ ಅದುರುತ್ತದೆ. ಶಟರ್ ವೇಗ ಸೆಕೆಂಡಿನ ಮೂವತ್ತನೇ ಒಂದು ಭಾಗದಿಂದ ಒಂದು ಸೆಕೆಂಡಿನವರೆಗೆ ಇದ್ದಾಗ ಇದು ಚಿತ್ರದಲ್ಲಿ ಎದ್ದು ಕಾಣುತ್ತದೆ. ರಿಮೋಟ್ ಬೆರಳಿನ ಅದುರನ್ನು ತಪ್ಪಿಸುತ್ತದೆ, ಕನ್ನಡಿಯದನ್ನಲ್ಲ. ಅದಕ್ಕೆ ಮಿರರ್ ಲಾಕ್ಅಪ್ ಅಥವಾ ಲೈವ್ ವ್ಯೂ ಬಳಸಬೇಕು. ಮಿರರ್‌ಲೆಸ್ ಕ್ಯಾಮೆರಾದವರಿಗೆ ಈ ಚಿಂತೆಯಿಲ್ಲ.

ಮುಂದಿರುವ ದಾರಿಗಳು

ಹಳೆಯ ಸ್ಟುಡಿಯೊಗಳಲ್ಲಿ ರಬ್ಬರ್ ಬುಗ್ಗೆ ಒತ್ತಿ ಗಾಳಿಯ ಬಲದಿಂದ ಶಟರ್ ತೆರೆಯುತ್ತಿದ್ದರು. ಆಮೇಲೆ ತಿರುಪು ಹಾಕಿ ಕೂರಿಸುವ ತಂತಿ ಬಂತು, ಅದರ ನಂತರ ವಿದ್ಯುತ್ ತಂತಿ. ಈಗ ತಂತಿಯಿಲ್ಲದ ದಾರಿಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ಅವಕೆಂಪು ಕಿರಣದ, ಅಂದರೆ ಇನ್‌ಫ್ರಾರೆಡ್ ರಿಮೋಟ್. ಟಿವಿ ರಿಮೋಟ್‌ನ ತಂತ್ರವೇ ಇಲ್ಲಿಯೂ ಇದೆ. ನಿಕಾನ್‌ನ ಎಂಎಲ್-ಎಲ್3, ಕ್ಯಾನನ್‌ನ ಆರ್‌ಸಿ-6 ಈ ಜಾತಿಯವು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು, ಬೆಲೆಯೂ ಕಡಿಮೆ. ಕಂಪನಿಗಳೇ ಹೇಳುವ ದೂರ ಸುಮಾರು 5 ಮೀಟರ್. ಕಿರಣ ಹಿಡಿಯುವ ಕಿಂಡಿ ಸಾಮಾನ್ಯವಾಗಿ ಕ್ಯಾಮೆರಾದ ಮುಂಭಾಗದಲ್ಲಿ ಇರುತ್ತದೆ. ಕೆಲವು ಮಾದರಿಗಳಿಗೆ ಮಾತ್ರ ಹಿಂದೆಯೂ ಉಂಟು. ಹಿಂದೆ ನಿಂತು ಒತ್ತುವವರಿಗೆ ಕೈ ಚಾಚಿ ಮುಂದಕ್ಕೆ ತೋರಿಸುವ ಪೇಚಾಟ ತಪ್ಪಿದ್ದಲ್ಲ. ಸೂರ್ಯನ ಬೆಳಕಿನಲ್ಲೂ ಅವಕೆಂಪು ಕಿರಣ ಧಾರಾಳವಾಗಿರುವುದರಿಂದ ನಮ್ಮ ಮಾರ್ಚ್–ಮೇ ತಿಂಗಳ ಬಿಸಿಲಿನಲ್ಲಿ ಆ 5 ಮೀಟರ್ ಕೂಡ ಉಳಿಯುವುದಿಲ್ಲ. ನೆರಳಿನಲ್ಲಿ, ಮನೆಯೊಳಗೆ, ಸಂಜೆ ಹೊತ್ತಿನಲ್ಲಿ ಮಾತ್ರ ಇದನ್ನು ನಂಬಬಹುದು.

ಎರಡನೆಯದು ರೇಡಿಯೊ ರಿಮೋಟ್. ಒಂದು ತುಣುಕು ಕೈಯಲ್ಲಿ, ಇನ್ನೊಂದು ಕ್ಯಾಮೆರಾದ ಹಾಟ್ ಶೂ ಮೇಲೆ. ಅಲ್ಲಿಂದ ಚಿಕ್ಕ ಕೇಬಲ್ ಕ್ಯಾಮೆರಾದ ರಂಧ್ರಕ್ಕೆ. ಈಗ ಬರುವ ಬಹುಪಾಲು ರಿಮೋಟ್‌ಗಳು 2.4 ಗಿಗಾಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುತ್ತವೆ. ವೈಫೈ ಕೂಡ ಬಳಸುವ ಈ ತರಂಗಕ್ಕೆ ಭಾರತದಲ್ಲಿ ಲೈಸೆನ್ಸ್ ಬೇಕಿಲ್ಲ. ನೇರ ನೋಟ ಬೇಕಿಲ್ಲ, ಬಿಸಿಲಿನ ಅಂಜಿಕೆಯಿಲ್ಲ, ಕ್ಯಾಮೆರಾದ ಹಿಂದೆ ನಿಂತರೂ ಗಿಡದ ಮರೆಗೆ ಕೂತರೂ ನಡೆಯುತ್ತದೆ. ಪಿಕ್ಸೆಲ್, ಹೆನೆಲ್, ಯಾಂಗ್‌ನುವೊ ಮೊದಲಾದ ಕಂಪನಿಗಳು 80, 100 ಮೀಟರ್ ಎಂದು ಹೇಳುವುದು ಬಯಲಿನ ಲೆಕ್ಕ; ಅದರ ಅರ್ಧ ಸಿಕ್ಕರೂ ನಮ್ಮ ಕೆಲಸಕ್ಕೆ ಸಾಕಾಗುತ್ತದೆ. ದಪ್ಪ ಕಲ್ಲಿನ ಗೋಡೆ ಅಡ್ಡ ಬಂದರೆ ಮಾತ್ರ ಸಂಕೇತ ಸೊರಗುತ್ತದೆ.

ಮೂರನೆಯದು ಬ್ಲೂಟೂತ್. ಕ್ಯಾನನ್‌ನ ಬಿಆರ್-ಇ1, ನಿಕಾನ್‌ನ ಎಂಎಲ್-ಎಲ್7, ಸೋನಿ 2019ರಲ್ಲಿ ತಂದ ಆರ್‌ಎಂಟಿ-ಪಿ1ಬಿಟಿ ಈ ಸಾಲಿನವು. ರಿಸೀವರ್ ಬೇಡ, ಕೇಬಲ್ ಬೇಡ, ಮುಂದೆ ನಿಲ್ಲಬೇಕೆಂಬ ಕಟ್ಟಳೆಯೂ ಇಲ್ಲ. ಒಮ್ಮೆ ಜೋಡಿ ಮಾಡಿದರೆ ಮತ್ತೆ ಮತ್ತೆ ತಾನೇ ಸೇರಿಕೊಳ್ಳುತ್ತದೆ. ಕ್ಯಾನನ್, ಸೋನಿ ಇವಕ್ಕೆ ಹೇಳುವ ದೂರವೂ ಸುಮಾರು 5 ಮೀಟರೇ. ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡವರಿಗೆ ಎಲ್ಲಕ್ಕಿಂತ ಸಲೀಸಾದ ದಾರಿ ಇದು. ಹಳೆಯ ಕ್ಯಾಮೆರಾದವರಿಗೆ ಈ ಬಾಗಿಲು ತೆರೆದಿಲ್ಲ.

ನಾಲ್ಕನೆಯದು ಮೊಬೈಲ್ ಆ್ಯಪ್. ಕ್ಯಾನನ್‌ಗೆ ಕ್ಯಾಮೆರಾ ಕನೆಕ್ಟ್, ನಿಕಾನ್‌ಗೆ ಸ್ನ್ಯಾಪ್‌ಬ್ರಿಡ್ಜ್, ಸೋನಿಗೆ ಕ್ರಿಯೇಟರ್ಸ್ ಆ್ಯಪ್. ದುಡ್ಡು ಕೊಡಬೇಕಾಗಿಲ್ಲ. ಉಳಿದ ಯಾವ ರಿಮೋಟ್‌ನಲ್ಲೂ ಸಿಗದ ಒಂದು ಅನುಕೂಲ ಇದರಲ್ಲಿದೆ: ಕ್ಯಾಮೆರಾ ಕಾಣುತ್ತಿರುವುದು ಮೊಬೈಲ್‌ನಲ್ಲಿ ಕಾಣುತ್ತದೆ. ಆದರೆ ಒತ್ತಿದ ಮೇಲೆ ಕ್ಲಿಕ್ ಆಗಲು ಕ್ಷಣ ತಡವಾಗುತ್ತದೆ, ಎರಡೂ ಬ್ಯಾಟರಿ ಬೇಗ ಇಳಿಯುತ್ತವೆ, ನಡುವೆ ಫೋನ್ ಬಂದರೆ ಕೆಲಸ ಕೆಡುತ್ತದೆ. ನಿಂತ ವಸ್ತುವಿಗೆ ಸರಿ, ಹಾರುವ ಹಕ್ಕಿಗೆ ಸಲ್ಲದು.

ಇವುಗಳ ಜೊತೆಗೆ ಕ್ಯಾಮೆರಾದಲ್ಲೇ ಇರುವ 2 ಸೆಕೆಂಡ್, 10 ಸೆಕೆಂಡ್ ಸೆಲ್ಫ್ ಟೈಮರ್ ಅನ್ನು ಮರೆಯಬಾರದು. ಟ್ರೈಪಾಡ್ ಮೇಲಿನ ಕಟ್ಟಡದ ಚಿತ್ರಕ್ಕೆ 2 ಸೆಕೆಂಡ್ ಟೈಮರ್ ರಿಮೋಟ್‌ನ ಕೆಲಸವನ್ನು ಪೂರ್ತಿ ಮಾಡುತ್ತದೆ. ತಂತಿಯ ರಿಮೋಟ್ ಕೂಡ ಹಳೆಯದಾಯಿತೆಂದು ಬದಿಗಿಡಬೇಕಾದದ್ದಲ್ಲ. ಕ್ಯಾಮೆರಾದ ಪಕ್ಕದಲ್ಲೇ ನಿಲ್ಲುವವರಿಗೆ ಅದರಷ್ಟು ನಂಬಿಕೆಯ ಸಾಧನ ಮತ್ತೊಂದಿಲ್ಲ; ಸರಳ ತಂತಿಗೆ ಸೆಲ್ಲೂ ಬೇಡ.

ಕೊಳ್ಳುವ ಮುನ್ನ ಕ್ಯಾಮೆರಾ ತಿರುಗಿಸಿ ನೋಡಿ

ತಪ್ಪು ಖರೀದಿಯ ದೊಡ್ಡ ಪಾಲು ಆಗುವುದು ಇಲ್ಲಿ. "ಕ್ಯಾನನ್‌ಗೆ ಆಗುತ್ತದೆ" ಎಂಬ ಮಾತಿನಲ್ಲಿ ಅರ್ಧ ಸತ್ಯ ಮಾತ್ರ ಇದೆ. ಹೊಸಬರ ಕೈಯಲ್ಲಿ ಹೆಚ್ಚಾಗಿ ಕಾಣುವ ಕ್ಯಾನನ್ 1500ಡಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಅವಕೆಂಪು ಕಿಂಡಿಯಿಲ್ಲ, ಬ್ಲೂಟೂತ್ ಇಲ್ಲ. ಅದಕ್ಕೆ ಆರ್‌ಸಿ-6 ತಂದರೂ ವ್ಯರ್ಥ, ಬಿಆರ್-ಇ1 ತಂದರೂ ವ್ಯರ್ಥ. ಪಕ್ಕದ ರಬ್ಬರ್ ಮುಚ್ಚಳ ತೆಗೆದರೆ 2.5 ಮಿಲಿಮೀಟರಿನ ಸಣ್ಣ ರಂಧ್ರ ಕಾಣುತ್ತದೆ, ಇಯರ್‌ಫೋನ್‌ನ 3.5 ಮಿಲಿಮೀಟರ್ ಪಿನ್ ಅದರಲ್ಲಿ ಹೋಗುವುದಿಲ್ಲ. ಅದಕ್ಕೆ ಕೂರುವುದು ಇ3 ಮಾದರಿಯ ಕೇಬಲ್. ಹಾಗಾಗಿ 1500ಡಿಗೆ ಉಳಿಯುವುದು ತಂತಿಯ ರಿಮೋಟ್, ಇ3 ಕೇಬಲ್ ಇರುವ ರೇಡಿಯೊ ರಿಮೋಟ್, ವೈಫೈ ಮೂಲಕ ಆ್ಯಪ್. ಅದೇ ಕ್ಯಾನನ್‌ನ ದೊಡ್ಡ ಮಾದರಿಗಳಲ್ಲಿ ಎನ್3 ಎಂಬ ಬೇರೆಯ ಮೂರು ಪಿನ್‌ನ ರಂಧ್ರವಿದೆ. ಚಿಕ್ಕ ಆರ್50ಗೆ ಬ್ಲೂಟೂತ್ ರಿಮೋಟ್ ಹೊಂದುತ್ತದೆ.

ನಿಕಾನ್‌ನಲ್ಲೂ ಇದೇ ಕತೆ. ಡಿ5300, ಡಿ7200, ಡಿ750 ಇವು ಎಂಎಲ್-ಎಲ್3 ಅನ್ನೂ ಒಪ್ಪುತ್ತವೆ, ಡಿಸಿ2 ಕೇಬಲನ್ನೂ ಒಪ್ಪುತ್ತವೆ. ಡಿ500, ಡಿ850ರಂಥವಕ್ಕೆ ಹತ್ತು ಪಿನ್‌ನ ದುಂಡು ರಂಧ್ರ. ಅದಕ್ಕೆ ಡಿಸಿ0 ಎಂಬ ಗುರುತಿನ ಕೇಬಲ್. ಝಡ್50, ಝಡ್30ಕ್ಕೆ ಬ್ಲೂಟೂತ್‌ನ ಎಂಎಲ್-ಎಲ್7. ಕೊಳ್ಳುವಾಗ ಕಂಪನಿಯ ಹೆಸರಿಗಿಂತ ಮಾದರಿಯ ಸಂಖ್ಯೆ ಹೇಳಿ, ಸಾಧ್ಯವಾದರೆ ಕ್ಯಾಮೆರಾವನ್ನೇ ಅಂಗಡಿಗೆ ಒಯ್ದು ಕೂರಿಸಿ ನೋಡಿ. ರೇಡಿಯೊ ರಿಮೋಟ್ ಆದರೆ ಕೇಬಲ್ ಬದಲಿಸಲು ಬರುವಂಥದ್ದನ್ನೇ ಆರಿಸಿ. ನಾಳೆ ಕ್ಯಾಮೆರಾ ಬದಲಾದರೆ ಒಂದು ಕೇಬಲ್ ತಂದರೆ ಸಾಕು, ರಿಮೋಟ್ ಹಾಗೇ ಉಳಿಯುತ್ತದೆ.

ಸ್ಮಾರಕಗಳ ಮುಂದೆ

1656ರಲ್ಲಿ ಮುಗಿದ ಗೋಳಗುಮ್ಮಟದ ಒಳಗೆ ಹೊಕ್ಕವರಿಗೆ ಮೊದಲು ಎದುರಾಗುವುದು ಮಂದ ಬೆಳಕು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ ಕಡಿಮೆ ಮಾಡಿ, ಸೆಕೆಂಡುಗಟ್ಟಲೆ ಶಟರ್ ತೆರೆದಿಟ್ಟರೆ ಕಮಾನುಗಳು ಗುಮ್ಮಟವನ್ನು ಹೊತ್ತ ಬಗೆ ಚಿತ್ರದಲ್ಲಿ ನಿಚ್ಚಳವಾಗಿ ಬರುತ್ತದೆ. ಆದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚೆಯೇ ಅನುಮತಿ ಪಡೆಯಬೇಕು. ಅನುಮತಿಯಿಲ್ಲದೆ ಒಳಗೆ ಹೋಗುವವರಿಗೆ ರಿಮೋಟ್‌ನಿಂದ ಲಾಭ ತೀರ ಕಡಿಮೆ. ಅನುಮತಿ ಇದ್ದವರು ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬರನ್ನು ಎದುರು ಬದಿಗೆ ನಿಲ್ಲಿಸಿ ತೆಗೆಯುತ್ತಾರೆಂದುಕೊಳ್ಳಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಲ್ಲಿ ನಿಂತವರೇ ತಮ್ಮ ಚಿತ್ರ ತೆಗೆದುಕೊಳ್ಳಬೇಕಾದರೆ 5 ಮೀಟರ್‌ನ ಅವಕೆಂಪು ರಿಮೋಟಾಗಲಿ ಬ್ಲೂಟೂತ್ ಆಗಲಿ ದಾಟಲಾರವು, ರೇಡಿಯೊ ದಾಟುತ್ತದೆ.

ಇಬ್ರಾಹಿಂ ರೋಜಾದ ಕೆತ್ತನೆ, ಬಾರಾ ಕಮಾನಿನ ಬಯಲು ಕಮಾನುಗಳು ಬೆಳಗಿನ ಮತ್ತು ಸಂಜೆಯ ಓರೆ ಬೆಳಕಿಗೆ ಹೇಳಿಮಾಡಿಸಿದವು. ಈ ಕೆಲಸಕ್ಕೆ 2 ಸೆಕೆಂಡ್ ಟೈಮರ್ ಸಾಕು. ಡಿಎಸ್‌ಎಲ್‌ಆರ್ ಬಳಸುವವರು ಕಣ್ಣನ್ನು ವ್ಯೂಫೈಂಡರ್‌ನಿಂದ ತೆಗೆದ ಮೇಲೆ ಅದರ ಕಿಂಡಿ ಮುಚ್ಚಬೇಕು. ಸೂರ್ಯ ಬೆನ್ನ ಹಿಂದಿದ್ದರೆ ಬೆಳಕು ಆ ಕಿಂಡಿಯಿಂದ ಒಳಗೆ ನುಗ್ಗಿ ಅಳತೆ ತಪ್ಪಿಸುತ್ತದೆ, ಚಿತ್ರ ಕಪ್ಪಾಗುತ್ತದೆ. ಬೆಲ್ಟಿಗೆ ಪೋಣಿಸಿ ಕೊಟ್ಟಿರುವ ಪುಟ್ಟ ರಬ್ಬರ್ ಮುಚ್ಚಳ ಇದಕ್ಕಾಗಿಯೇ ಇದೆ. ರಿಮೋಟ್ ದೋಷವೆಂದು ಬಗೆದ ಎಷ್ಟೋ ಕಪ್ಪು ಚಿತ್ರಗಳಿಗೆ ಕಾರಣ ಇಷ್ಟೇ.

ಮದುವೆ ಮನೆ, ಜಾತ್ರೆ ಬಯಲು

ಮನೆಮಂದಿಯೆಲ್ಲ ಸೇರಿದಾಗ ಚಿತ್ರ ತೆಗೆಯುವವರೇ ಚಿತ್ರದಲ್ಲಿ ಇರುವುದಿಲ್ಲ ಎಂಬ ಕೊರತೆ ಎಲ್ಲ ಮನೆಗಳಲ್ಲೂ ಇದೆ. ಅಜ್ಜಿಯ ಪಕ್ಕ ನಿಂತು ತಾವೇ ಕ್ಲಿಕ್ಕಿಸಲು ಅವಕೆಂಪು ಅಥವಾ ಬ್ಲೂಟೂತ್ ರಿಮೋಟ್ ಸರಿಯಾದ ಆಯ್ಕೆ. ಕ್ಯಾಮೆರಾದ ಮುಂದೆಯೇ ನಿಂತಿರುತ್ತೀರಿ, ದೂರ ಮೂರು ನಾಲ್ಕು ಮೀಟರ್, ನೆರಳು ಇರುತ್ತದೆ. ಆರ್‌ಸಿ-6ರಲ್ಲಿರುವ 2 ಸೆಕೆಂಡ್ ತಡದ ಸ್ವಿಚ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒತ್ತಿದ ಕೈ ಕೆಳಗಿಳಿದ ಮೇಲೆ ಶಟರ್ ಬೀಳುತ್ತದೆ. ಮೊದಲು ಫೋಕಸ್ ಹಿಡಿದು, ಆಮೇಲೆ ಲೆನ್ಸ್ ಅನ್ನು ಮ್ಯಾನ್ಯುವಲ್‌ಗೆ ಹಾಕಿಡಿ. ಇಲ್ಲವಾದರೆ ಪ್ರತಿ ಸಲ ಕ್ಯಾಮೆರಾ ಹೊಸದಾಗಿ ಫೋಕಸ್ ಹುಡುಕುತ್ತದೆ. ನಿಕಾನ್‌ನವರು ರಿಮೋಟ್ ಕಾಯುವ ಅವಧಿಯನ್ನು ಮೆನುವಿನಲ್ಲಿ ಹೆಚ್ಚಿಸಿಕೊಳ್ಳಬೇಕು. ಹಲವು ಮಾದರಿಗಳಲ್ಲಿ ಅದು 1 ನಿಮಿಷಕ್ಕೆ ಇರುತ್ತದೆ; ದೊಡ್ಡಪ್ಪನವರು ಪಟಗಾ ಸರಿಮಾಡಿಕೊಂಡು ಬರುವಷ್ಟರಲ್ಲಿ ಕ್ಯಾಮೆರಾ ರಿಮೋಟ್ ಮೋಡ್‌ನಿಂದ ಹೊರಬಂದಿರುತ್ತದೆ. ಅದನ್ನು 5 ಅಥವಾ 10 ನಿಮಿಷ ಮಾಡಿದರೆ ಆಯಿತು.

ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ತೆಗೆಯುವ ರೀತಿ ಬೇರೆ. ಐಎಸ್‌ಒ 100, ಅಪರ್ಚರ್ ಎಫ್8 ಅಥವಾ ಎಫ್11, ಶಟರ್ ಬಲ್ಬ್‌ನಲ್ಲಿ. ಮದ್ದು ಮೇಲೇರುವಾಗ ತೆರೆದು, ಅರಳಿ ಇಳಿಯುವಾಗ ಮುಚ್ಚಬೇಕು. ತೆರೆದಿಡುವ ಹೊತ್ತನ್ನು ಕಣ್ಣು ನೋಡಿ ಬೆರಳು ನಿರ್ಧರಿಸಬೇಕಾದ್ದರಿಂದ ಸೆಲ್ಫ್ ಟೈಮರ್ ಇಲ್ಲಿ ಉಪಯೋಗವಿಲ್ಲ, ಆ್ಯಪ್‌ನ ತಡವೂ ಹೊಂದದು. ಗದ್ದಲದಲ್ಲಿ ಟ್ರೈಪಾಡ್ ಬಿಟ್ಟು ದೂರ ಹೋಗಲಾಗದು. ಪಕ್ಕದಲ್ಲೇ ನಿಂತಿರುವಾಗ ತಂತಿಯ ರಿಮೋಟೇ ಉತ್ತಮ. ರೇಡಿಯೊ ಇದ್ದರೆ ಅದೂ ನಡೆಯುತ್ತದೆ.

ತಿಕೋಟಾದ ಶೆಡ್ಡಿನಲ್ಲಿ ಹದಿನೈದು ದಿನ

ಈ ಸೀಮೆಗೇ ವಿಶೇಷವಾದ ಒಂದು ಕೆಲಸವಿದೆ. ಥಾಮ್ಸನ್ ಸೀಡ್‌ಲೆಸ್, ಮಾಣಿಕ್ ಚಮನ್‌ನಂಥ ತಳಿಯ ದ್ರಾಕ್ಷಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ಅಂತಸ್ತುಗಳ ಮೇಲೆ ನೆರಳಿನಲ್ಲಿ ಹರವುತ್ತಾರೆ. ಹನ್ನೆರಡರಿಂದ ಹದಿನೈದು ದಿನಗಳಲ್ಲಿ ಹಸಿರು ಕಾಯಿ ಕುಗ್ಗಿ ಒಣದ್ರಾಕ್ಷಿಯಾಗುತ್ತದೆ. ಈ ಬದಲಾವಣೆಯನ್ನು ಟೈಮ್‌ಲ್ಯಾಪ್ಸ್ ಆಗಿ ಹಿಡಿದರೆ ರೈತರಿಗೂ ಶಾಲೆಯ ಮಕ್ಕಳಿಗೂ ತೋರಿಸಲು ಯೋಗ್ಯವಾದ ದಾಖಲೆಯಾಗುತ್ತದೆ.

ಲೆಕ್ಕ ಸುಲಭ. ಹತ್ತು ನಿಮಿಷಕ್ಕೊಂದು ಚಿತ್ರವೆಂದರೆ ದಿನಕ್ಕೆ 144; ಹದಿನೈದು ದಿನಕ್ಕೆ 2,160. ಸೆಕೆಂಡಿಗೆ 24 ಚಿತ್ರಗಳಂತೆ ಜೋಡಿಸಿದರೆ 90 ಸೆಕೆಂಡಿನ ಚಲನಚಿತ್ರ. ಇದಕ್ಕೆ ಬೇಕಾದದ್ದು ಟೈಮರ್ ಇರುವ ರಿಮೋಟ್, ಅಂದರೆ ಇಂಟರ್‌ವಲೋಮೀಟರ್. ನಿಕಾನ್‌ನ ಹಲವು ಮಾದರಿಗಳಲ್ಲಿ ಈ ಸೌಲಭ್ಯ ಒಳಗೇ ಇದೆ, 1500ಡಿಯಂಥ ಕ್ಯಾಮೆರಾ ಇರುವವರು ಕೊಳ್ಳಬೇಕು. ಅಗ್ಗದ ಟೈಮರ್‌ಗಳಲ್ಲಿ ಚಿತ್ರಗಳ ಎಣಿಕೆ 399ಕ್ಕೆ ನಿಲ್ಲುವುದುಂಟು. ಎಣಿಕೆಯ ಜಾಗದಲ್ಲಿ ಎರಡು ಅಡ್ಡಗೆರೆ ಬರುವವರೆಗೆ ಒತ್ತಿದರೆ ಅದು ನಿಲ್ಲದೆ ತೆಗೆಯುತ್ತಲೇ ಹೋಗುತ್ತದೆ. ಇದನ್ನು ನೋಡದೆ ಬಿಟ್ಟವರ ದಾಖಲೆ ಮೂರನೇ ದಿನಕ್ಕೇ ಮುಗಿಯುತ್ತದೆ. ಕ್ಯಾಮೆರಾದ ಬ್ಯಾಟರಿ ಅಷ್ಟು ದಿನ ಬಾಳದು. ಬ್ಯಾಟರಿಯ ಜಾಗದಲ್ಲಿ ಕೂರಿಸುವ ಅಡಾಪ್ಟರ್ ಬೇಕು, ಕರೆಂಟ್ ಹೋದರೆ ಎಂದು ಯುಪಿಎಸ್ ಕೂಡ ಬೇಕು. ಫೋಕಸ್, ಬಿಳಿ ಸಮತೋಲ, ಅಪರ್ಚರ್ ಎಲ್ಲವನ್ನೂ ಮ್ಯಾನ್ಯುವಲ್‌ಗೆ ಹಾಕಿಡಿ. ಇಲ್ಲಿ ತಂತಿಯ ಟೈಮರ್ ಸಾಕು, ತಂತಿಯಿಲ್ಲದ್ದಕ್ಕೆ ಹೆಚ್ಚು ದುಡ್ಡು ಹಾಕುವ ಅಗತ್ಯವಿಲ್ಲ.

ಕೆರೆಯ ದಂಡೆ, ರಾತ್ರಿಯ ಆಕಾಶ

ನಗರದ ಬೇಗಂ ತಾಲಾಬ್, ಭೂತನಾಳ ಕೆರೆ, ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕೆರೆಗಳ ಅಂಚಿನಲ್ಲಿ ಹಕ್ಕಿ ತೆಗೆಯುವವರಿಗೆ ರೇಡಿಯೊ ರಿಮೋಟ್ ಬಿಟ್ಟರೆ ಬೇರೆ ಗತಿಯಿಲ್ಲ. ಹಕ್ಕಿ ಬಂದು ಕೂರುವ ಜಾಗ ಗೊತ್ತುಮಾಡಿಕೊಂಡು, ಬೆಳಕು ಮೂಡುವ ಮೊದಲೇ ಕ್ಯಾಮೆರಾವನ್ನು ನೆಲಮಟ್ಟದಲ್ಲಿ ಇಟ್ಟು, ಫೋಕಸ್ ಅಲ್ಲೇ ನಿಲ್ಲಿಸಿ, ನಲವತ್ತು ಐವತ್ತು ಮೀಟರ್ ಆಚೆ ಜಾಲಿಯ ಮರೆಯಲ್ಲಿ ಕೂರಬೇಕು. ಬಯಲು ಬಿಸಿಲಿನಲ್ಲಿ ಅವಕೆಂಪು ರಿಮೋಟ್ ಕೈಕೊಡುತ್ತದೆ, ವೈಫೈ ಅಷ್ಟು ದೂರಕ್ಕೆ ನೆಚ್ಚುವಂತಿಲ್ಲ. ಕ್ಯಾಮೆರಾದ ಸದ್ದಡಗಿಸುವ ಮೋಡ್ ಹಾಕಿಡಿ. ಗೂಡಿನ ಹತ್ತಿರ ಮಾತ್ರ ಕ್ಯಾಮೆರಾ ಇಡಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯೆಂದೇ ಎಣಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ಚಿತ್ರಕ್ಕಾಗಿ ಗೂಡು ಕೆಡಿಸುವುದು ಸಲ್ಲದ ಕೆಲಸ.

ರಾತ್ರಿ ನಗರದ ದೀಪಗಳಿಂದ ದೂರ ಬಂದು ನಕ್ಷತ್ರಗಳ ಹಾದಿ ತೆಗೆಯುವವರು ಉತ್ತರಕ್ಕೆ ತಿರುಗಿ ಧ್ರುವತಾರೆ ಹುಡುಕಬೇಕು. ವಿಜಯಪುರ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಆದ್ದರಿಂದ ಇಲ್ಲಿ ಧ್ರುವ ದಿಗಂತದಿಂದ 17 ಡಿಗ್ರಿಯಷ್ಟೇ ಮೇಲಿರುತ್ತದೆ. ಕೈ ಉದ್ದಕ್ಕೆ ಚಾಚಿ ಗೇಣು ಅಗಲಿಸಿದರೆ ಸುಮಾರು 20 ಡಿಗ್ರಿ. ಅದಕ್ಕಿಂತ ತುಸು ಕೆಳಗೆ ನೋಡಿದರೆ ಸಿಗುತ್ತದೆ. ಅದರ ಸುತ್ತ ನಕ್ಷತ್ರಗಳು ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತವೆ. ಒಂದೇ ಸಲ ಗಂಟೆಗಟ್ಟಲೆ ಶಟರ್ ತೆರೆದಿಟ್ಟರೆ ಸೆನ್ಸರ್ ಕಾದು ಚಿತ್ರದಲ್ಲಿ ಚುಕ್ಕೆಗಳು ತುಂಬುತ್ತವೆ. ಅದಕ್ಕೆ ಶಟರ್ 30 ಸೆಕೆಂಡಿಗಿಟ್ಟು, ಕ್ಯಾಮೆರಾವನ್ನು ಕಂಟಿನ್ಯುವಸ್ ಮೋಡ್‌ಗೆ ಹಾಕಿ, ರಿಮೋಟ್ ಗುಂಡಿಯನ್ನು ಒತ್ತಿ ಲಾಕ್ ಮಾಡಿಬಿಡಿ. ಬಂದ ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದುಗೂಡಿಸಿ. ಗುಂಡಿಗೆ ಲಾಕ್ ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕಾದದ್ದು ಈ ಕಾರಣಕ್ಕೆ.

ಸೆಲ್ಲು ಮತ್ತು ಧೂಳು

ಎಂಎಲ್-ಎಲ್3ಗೆ ಸಿಆರ್2025, ಆರ್‌ಸಿ-6 ಮತ್ತು ಬಿಆರ್-ಇ1ಗೆ ಸಿಆರ್2032 ಸೆಲ್ಲು ಬೇಕು. ಇವು ಎಲ್ಲ ಊರಿನಲ್ಲಿ ಸಿಗುವುದಿಲ್ಲ, ಚೀಲದಲ್ಲಿ ಒಂದು ಹೆಚ್ಚಿಗೆ ಇರಲಿ. ಸಾಮಾನ್ಯ ಎಎಎ ಸೆಲ್ಲು ಹಾಕುವ ರೇಡಿಯೊ ರಿಮೋಟ್ ಆದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸೆಲ್ಲು ದೊರೆಯುತ್ತದೆ. ನಾಣ್ಯದಂಥ ಸೆಲ್ಲನ್ನು ಮಗು ನುಂಗಿದರೆ ಗಂಟಲು, ಅನ್ನನಾಳ ಸುಟ್ಟು ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯವರು ಮುಚ್ಚಳ ಗಟ್ಟಿಯಾಗಿರುವ ರಿಮೋಟ್ ತಂದು ಎತ್ತರದಲ್ಲಿ ಇಡಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರಿಮೋಟ್ ಬಿಡಬೇಡಿ. ಎರೆ ಹೊಲದ ಧೂಳು ರಂಧ್ರ ಸೇರದಂತೆ ಕೇಬಲ್ ತೆಗೆದ ಕೂಡಲೇ ರಬ್ಬರ್ ಮುಚ್ಚಳ ಹಾಕಿ.

ಕೊನೆಯ ಮಾತು

ಎಲ್ಲ ತೂಗಿ ನೋಡಿದಾಗ ನನ್ನ ತೀರ್ಮಾನ ಹೀಗಿದೆ. ಕಟ್ಟಡಗಳನ್ನಷ್ಟೇ ತೆಗೆಯುವವರು ಏನನ್ನೂ ಕೊಳ್ಳಬೇಕಿಲ್ಲ. ಸೆಲ್ಫ್ ಟೈಮರ್ ಮತ್ತು ಆ್ಯಪ್ ಸಾಕು. ಮನೆಮಂದಿಯ ಚಿತ್ರಕ್ಕೆ ಕ್ಯಾಮೆರಾ ಒಪ್ಪುವ ಅವಕೆಂಪು ಅಥವಾ ಬ್ಲೂಟೂತ್ ರಿಮೋಟ್. ಜಾತ್ರೆಯ ಮದ್ದು, ಒಣದ್ರಾಕ್ಷಿ ಶೆಡ್ಡಿಗೆ ಲಾಕ್ ಮತ್ತು ಟೈಮರ್ ಇರುವ ತಂತಿಯ ರಿಮೋಟ್. ಹಕ್ಕಿಯನ್ನೂ ಸೇರಿಸಿ ಎಲ್ಲ ಕೆಲಸಕ್ಕೂ ಒಂದೇ ಸಾಧನ ಬೇಕೆನ್ನುವವರು ಟೈಮರ್, ಲಾಕ್, ಬದಲಿಸಬಲ್ಲ ಕೇಬಲ್ ಇರುವ 2.4 ಗಿಗಾಹರ್ಟ್ಸ್ ರೇಡಿಯೊ ರಿಮೋಟ್ ಕೊಳ್ಳಲಿ. ನಮ್ಮ ಬಿಸಿಲಿಗೂ ಬಯಲಿಗೂ ಹೊಂದುವುದು ಅದೊಂದೇ. ದುಡ್ಡು ಕೊಡುವ ಮುನ್ನ ಕ್ಯಾಮೆರಾದ ಮಾದರಿ ಸಂಖ್ಯೆ ಮತ್ತು ರಂಧ್ರದ ಬಗೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅವಕೆಂಪು ರಿಮೋಟ್ ಆದರೆ ನೆರಳಿನಲ್ಲಿ ಕ್ಯಾಮೆರಾದ ಮುಂದೆ, ಉಳಿದವಾದರೆ ಅಂಗಡಿಯ ಹೊರಗೆ ಬಂದು, ಬಿಸಿಲಿನಲ್ಲಿ, ಕ್ಯಾಮೆರಾದ ಹಿಂದೆ ನಿಂತು ಹತ್ತು ಸಲ ಒತ್ತಿ ನೋಡಿ. ಹತ್ತಕ್ಕೆ ಹತ್ತು ಸಲ ಶಟರ್ ಬಿದ್ದರೆ ಮಾತ್ರ ಕೊಳ್ಳಿ.